ಬಾ, ಮನೆ ನೋಡೋಕೆ ಜನ ಇದಾರೆ

ಮತ್ತೆ ನಡುಗುತ್ತಿದೆ, ಕಿಟಕಿಯ ಕಡಪಾ ಕಲ್ಲಿನ ಮೇಲೆ ಇಟ್ಟ ಜಾಗದಿಂದ ತಾನಾಗಿಯೇ ಜರುಗಿ ಜರುಗಿ ಅಂಚಿನ ಕಡೆಗೆ ಬರುತ್ತಿದೆ ಈ ಫೋನು, ರಿಂಗು ತೆಗೆದು ಬರೀ ನಡುಕ ಉಳಿಸಿದ್ದು ತಪ್ಪಾಯಿತು, ಖಾಲಿ ಮನೆಯಲ್ಲಿ ಕಲ್ಲು ಗುಂಯ್ ಅನ್ನುತ್ತದೆ, ಗೋಡೆ ಗುಂಯ್ ಅನ್ನುತ್ತದೆ, ನನ್ನ ಹಲ್ಲಿನ ಬುಡದಲ್ಲಿ ಗುಂಯ್ ಅನ್ನುತ್ತದೆ — ಹಸಿರು ಬೆಳಕಿನ ಪುಟ್ಟ ಗಾಜಿನ ಮೇಲೆ ಎಸ್ ಕೆ ಅಂತ ಎರಡಕ್ಷರ, ಬೆಳಗ್ಗೆ ಆ ಎರಡಕ್ಷರ ಕಂಡಾಗ ನನ್ನ ತಮ್ಮ ಸ್ಕಂದ ಅಂದುಕೊಂಡಿದ್ದೆ, ಅವನಲ್ಲ, ಸೂರತ್ತಿನ ಕೇತನ್‌ಭಾಯ್, ಕತಾರ್‌ಗಾಮಿನಲ್ಲಿ ವಜ್ರ ಉಜ್ಜುವ ಕಾರ್ಖಾನೆಯ ಕೇತನ್‌ಭಾಯ್, ಈ ಮನೆಯ ಯಜಮಾನ, ನಾನು ಮುಖವನ್ನೇ ನೋಡದ ಮನುಷ್ಯ, ಈಗ ಯಾವುದೋ ಬಸ್ಸಿನ ಕಿಟಕಿಯಲ್ಲಿ ಕೂತು, ಕಳೆದುಹೋದ ತಾಯಿ ಸಿಕ್ಕಳು ಅಂತ ಹೊರಟಿದ್ದಾನೆ, ಸಿಕ್ಕಳು ಅಂತ ಹೇಳಿದವಳು ನಾನು, ಹೇಳಿಲ್ಲ ದೇವರೇ, ನಾನು ಹೇಳಿದ್ದು ಬೇರೆ, ಅವನಿಗೆ ಮುಟ್ಟಿದ್ದು ಬೇರೆ — ನಿಂತಿತು, ಅಂಚಿಗೆ ಬಂದು ನಿಂತಿತು, ಎತ್ತಬೇಕಾಗಿತ್ತು ನೀಲಾ, ಎತ್ತಿ ಏನಂತ ಹೇಳಬೇಕಾಗಿತ್ತು, ಇನ್ನೊಂದು ಸಲ ಮಾಡುತ್ತಾನೆ, ಮಾಡದೆ ಇರುವುದಿಲ್ಲ, ತಾಯಿ ಫೋನ್ ಎತ್ತುತ್ತಿಲ್ಲ ಅಂತ ಯಾವ ಮಗ ಸುಮ್ಮನೆ ಕೂರುತ್ತಾನೆ.

ಬೆಳಗ್ಗೆ ಎಷ್ಟು ಹಗುರವಾಗಿದ್ದೆ, ಗುಂಡಪ್ಪನವರೂ ಪದ್ಮಾವತಿಯವರೂ ಬಂದಿದ್ದರು, ದಾವಣಗೆರೆಯಿಂದ ಬ್ಯಾಂಕಿನ ವರ್ಗ, ಇಂಟರ್ನೆಟ್ಟಿನಲ್ಲಿ ಅಹಮದಾಬಾದಿನ ಈ ಮಣಿನಗರದ ಮನೆಯ ಫೋಟೋ ನೋಡಿ, ಕೆಳಗಿದ್ದ ನಂಬರಿಗೆ ಮಾಡಿದರೆ ಆ ಕಡೆಯಿಂದ ಕನ್ನಡದವಳೇ ಮಾತಾಡಿದಳಲ್ಲ ಅಂತ ಖುಷಿಯೋ ಖುಷಿ, ಆದರೆ ಆಯಮ್ಮನಿಗೆ ಒಂದೂ ಸರಿಯಿಲ್ಲ, ಏನ್ರೀ ಇದು ಅಡುಗೆಮನೆ, ಇಬ್ರು ನಿಂತ್ರೆ ಒಬ್ರು ಹೊರಗೆ ಬರಬೇಕು, ನಡುಮನೇಲಿ ಉಯ್ಯಾಲೆ ಬೇರೆ, ಇದೇನು ಬಾಲವಾಡಿನಾ — ಇಲ್ಲ ಮೇಡಂ, ಇಲ್ಲಿ ಎಲ್ಲರ ಮನೇಲೂ ಇರುತ್ತೆ, ಹಿಂಚ್ಕೋ ಅಂತಾರೆ, ಊಟ ಆದಮೇಲೆ ದೊಡ್ಡವರು ಕೂತು ತೂಗಿಕೊಳ್ತಾರೆ — ತೂಗಿಕೊಳ್ಳೋಕೆ ಪುರುಸೊತ್ತು ಯಾರಿಗಿದೆಯಮ್ಮಾ, ಅಂದರು, ಅನ್ನುತ್ತಲೇ ಹೋಗಿ ಕೂತರು, ಕೂತವರು ಏಳಲಿಲ್ಲ, ಗುಂಡಪ್ಪನವರು ನಲ್ಲಿ ತಿರುಗಿಸಿ ನೋಡುತ್ತ, ಏಳ್ತೀಯೇನೇ, ಇಲ್ಲಾ ಇಲ್ಲೇ ಇದ್ದುಬಿಡ್ತೀಯಾ, ಆಗ ನನಗೆ ಅನ್ನಿಸಿತು, ಇವರು ಹಿಡಿದುಬಿಡುತ್ತಾರೆ, ಸ್ಕಂದನಿಗೆ ಈ ಮನೆ ತಪ್ಪಿಹೋಗುತ್ತದೆ, ಮದುವೆ ಗೊತ್ತಾಗಿದೆ, ಬಡೋದೆಯ ಮಕರಪುರದ ಫ್ಯಾಕ್ಟರಿಯವರು ಅವನನ್ನು ಇಲ್ಲಿ ನರೋಡಾಕ್ಕೆ ಹಾಕುತ್ತಿದ್ದಾರೆ, ಅಕ್ಕಾ ನೀನೇ ದಲಾಲರ ಆಫೀಸಲ್ಲಿ ಇದ್ದೂ ನನಗೊಂದು ಮನೆ ಕೊಡಿಸಲ್ವಾ ಅಂತ ಎಷ್ಟು ಸಲ ಅಂದ, ಅದಕ್ಕೇ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಗುಂಡಿ ಒತ್ತಿದೆ, ಒಂದೊಂದು ಅಕ್ಷರಕ್ಕೆ ಮೂರು ಸಲ, ಇಂಗ್ಲಿಷ್ ಅಕ್ಷರದಲ್ಲಿ ನಮ್ಮ ಮಾತು, ಬಾ ಮನೆ ನೋಡೋಕೆ ಜನ ಇದಾರೆ, ಅಷ್ಟೇ, ತಮ್ಮನಿಗೆ ಅಕ್ಕ ಬರೆದದ್ದು, ಬೇಗ ಬಾರೋ, ಬೇರೆಯವರು ನೋಡ್ತಿದಾರೆ ಅಂತ, ಈ ಆಫೀಸಿನ ಫೋನಿನಲ್ಲಿ ಎಸ್ ಕೆ ಒತ್ತಿ ಕಳಿಸಿದೆ, ಎಸ್ ಕೆ ಎರಡಿದ್ದವು, ನನಗೆ ಗೊತ್ತಿರಲಿಲ್ಲ, ಸ್ಕಂದನನ್ನು ನಾನು ಎಸ್ ಕೆ ಅಂತ ಹಾಕಿಕೊಂಡೆ, ನನ್ನನ್ನು ಬೆನ್, ತಂಗಿ, ಅಂತ ಕರೆಯುವ ನಮ್ಮ ದಲಾಲ ಹಸ್ಮುಖ್‌ಭಾಯ್ ತಮ್ಮ ಪದ್ಧತಿಯಂತೆ ಗಿರಾಕಿಗಳನ್ನೆಲ್ಲ ಊರಿನ ಅಕ್ಷರ ಮೊದಲು, ಹೆಸರಿನ ಅಕ್ಷರ ಆಮೇಲೆ ಹಾಕಿಟ್ಟಿದ್ದಾರೆ, ಸೂರತ್ತಿಗೆ ಎಸ್, ಕೇತನ್‌ಗೆ ಕೆ, ಯಾರ ಹೆಸರೂ ಯಾರಿಗೂ ಗೊತ್ತಾಗಬಾರದು ಬೆನ್, ಫೋನ್ ಕಳೆದುಹೋದರೆ ಇನ್ನೊಬ್ಬ ದಲಾಲನಿಗೆ ನನ್ನ ಗಿರಾಕಿ ಸಿಗಬಾರದು, ಅಂದು ನಕ್ಕಿದ್ದರು, ಎಲೆಅಡಿಕೆ ಹಾಕಿದ ಬಾಯಲ್ಲಿ ಹಲ್ಲೆಲ್ಲ ಕಾಣುವ ಹಾಗೆ.

ಆದರೂ ಅವನಿಗೆ ಯಾಕೆ ಹಾಗೆ ಮುಟ್ಟಬೇಕು, ದಲಾಲರ ಆಫೀಸಿನಿಂದ ತಪ್ಪು ಮೆಸೇಜು ಬಂತು ಅಂತ ಅಳಿಸಿಹಾಕಬಹುದಿತ್ತು, ಹಾಕುತ್ತಿದ್ದ, ಈ ನಂಬರ್ ಆಫೀಸಿನದಾಗಿದ್ದರೆ — ಇದು ಅವನ ತಾಯಿ ಸವಿತಾಬಾರ ನಂಬರು, ಅವನ ಫೋನಿನಲ್ಲಿ ಇವತ್ತಿಗೂ ಈ ನಂಬರಿಗೆ ಬಾ ಅಂತಲೇ ಹೆಸರು, ಬಾ ಅಂದರೆ ಇವರಲ್ಲಿ ಅಮ್ಮ, ನಮ್ಮಲ್ಲಿ ಕರೆಯುವ ಮಾತು, ಮೊದಲ ದಿನ ಸವಿತಾಬಾ ಆಫೀಸಿಗೆ ಬಂದಾಗ ಹಸ್ಮುಖ್‌ಭಾಯ್, ಆವೋ ಬಾ, ಬೇಸೋ ಬಾ ಅಂತ ಉಪಚಾರ ಮಾಡುವುದು ಕೇಳಿ ನಾನು ನಗು ತಡೆದುಕೊಳ್ಳಲಾರದೆ ಹೋಗಿದ್ದೆ, ಯಾಕೆ ನಗ್ತೀಯಮ್ಮಾ ಅಂತ ಹಿಂದಿಯಲ್ಲಿ ಕೇಳಿದರು, ಹೇಳಿದೆ, ನಮ್ಮ ಕಡೆ ಬಾ ಅಂದರೆ ಬನ್ನಿ ಅಂತ, ಆಯಮ್ಮ ಬಿಳಿ ಸೀರೆಯ ಸೆರಗು ಬಾಯಿಗೆ ಅಡ್ಡ ಹಿಡಿದು ಮೈ ಕುಲುಕಿ ಕುಲುಕಿ ನಕ್ಕರು, ಹಾಯ್ ಹಾಯ್, ಹಾಗಾದರೆ ನನ್ನ ಕೇತನ್ ಹುಟ್ಟಿದಾಗಿನಿಂದ ಬಾ ಬಾ ಅಂತ ಕರೀತಾನೇ ಇದಾನೆ, ಸೂರತ್ತಿಗೆ ಮಾತ್ರ ಕರ್ಕೊಂಡು ಹೋಗಲ್ಲ — ಹಸ್ಮುಖ್‌ಭಾಯ್ ಅಂದರು, ನೋಡಿ ಬಾ, ನಾನು ಕರೆದ ತಕ್ಷಣ ಬಂದಿರಲ್ಲ — ನೀನು ಕರೆದದ್ದು ದಲಾಲಿಗೆ ಕಣೋ, ನಾಚಿಕೆಗೆಟ್ಟವನೇ, ಎಷ್ಟು ಚೆನ್ನಾಗಿ ಬೈಯುತ್ತಿದ್ದರು, ಬೈದು ಕೈಚೀಲದಿಂದ ಗರಿಗರಿ ಖಾಖ್ರಾ ರೊಟ್ಟಿ ತೆಗೆದು ಕೊಡುತ್ತಿದ್ದರು. ಬಾಡಿಗೆಗೆ ಕೊಡುವ ಮನಸ್ಸು ಅವರಿಗೆ ಇತ್ತೋ ಇಲ್ಲವೋ, ಜಗತ್ತಿನಲ್ಲಿ ಯಾರು ಬೇಕಾದರೂ ನೋಡಬಹುದಾ ಈ ಇಂಟರ್ನೆಟ್ಟು, ಸೂರತ್ತಿನಲ್ಲೂ ಕಾಣುತ್ತಾ, ಅದಷ್ಟನ್ನೇ ಮೂರು ಸಲ ಕೇಳಿದರು, ನಾನು ಆಫೀಸಿನ ಫ್ಲಾಪಿ ಕ್ಯಾಮೆರಾ ತಂದು ಈ ನಡುಮನೆಯನ್ನು ತೆಗೆದೆ, ಅಡುಗೆಮನೆ ತೆಗೆದೆ, ಉಯ್ಯಾಲೆ ತೆಗೆಯುವಾಗ, ಇರು ಇರು, ಖಾಲಿ ಉಯ್ಯಾಲೆ ತೂಗಿದರೆ ಮನೆಗೆ ಒಳ್ಳೆಯದಲ್ಲ ಅಂತ ತಾವೇ ಹೋಗಿ ಕೂತರು, ವೆಬ್‌ಸೈಟಿಗೆ ಹಾಕಿದಾಗ ಗುಟ್ಟಿನ ಪದ ಕೇಳಿತು, ನೀನು ಆ ಕಡೆ ತಿರುಗು ಅಂದು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಏನೋ ಒತ್ತಿದರು, ಮಗ ಕೊಡಿಸಿದ ಮೊಬೈಲಿನ ನಂಬರನ್ನು ಬಾಯಿಪಾಠ ಒಪ್ಪಿಸುವ ಮಗುವಿನ ಹಾಗೆ ಹೇಳಿದರು, ಅದೇ ನಂಬರು ಫೋಟೋದ ಕೆಳಗೆ ನಿಂತಿತು, ಆ ಭಾದ್ರಪದದ ಹುಣ್ಣಿಮೆಗೆ ಅಂಬಾಜಿಗೆ ಹೊರಟರು, ನಡೆದುಕೊಂಡು, ಕೆಂಪು ಬಾವುಟ ಹಿಡಿದ ಯಾತ್ರಿಕರ ಸಂಘದ ಜೊತೆ, ಈ ವಯಸ್ಸಲ್ಲಿ ಅಷ್ಟು ದೂರ ನಡೆಯೋದಾ ಬಾ ಅಂದರೆ, ಅಂಬಾ ಅನ್ನೋ ಹೆಸರಲ್ಲೇ ನಿಮ್ಮ ಬಾ ಇದೆಯಲ್ಲ, ತಾಯಿ ಕರೆದಳು, ಹೋಗ್ತಾ ಇದೀನಿ, ಅಂದರು, ನನ್ನ ಮಾತನ್ನು ನನಗೇ ತಿರುಗಿಸಿ ಕೊಟ್ಟು ಹೋದರು, ಹೋದವರು ಬರಲಿಲ್ಲ. ದಾರಿಯಲ್ಲಿ ಭಕ್ತರಿಗೆ ಚಹಾ ಕೊಡುವ ಚಪ್ಪರದಲ್ಲಿ, ನೀವೆಲ್ಲ ಕುಡಿದು ಬನ್ನಿ, ನಾನು ಮೆಲ್ಲಗೆ ಮುಂದೆ ನಡೀತಿರ್ತೀನಿ ಅಂದರಂತೆ, ಮುಂದೆ ಹೋಗಿ ನೋಡಿದರೆ ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ, ಪೊಲೀಸಿನವರು ಹುಡುಕಿದರು, ಮಗ ಊರೂರಿಗೆ ಫೋಟೋ ಅಂಟಿಸಿದ, ಈ ನಂಬರಿಗೆ ತಿಂಗಳುಗಟ್ಟಲೆ ಮಾಡಿದ, ಸ್ವಿಚ್ ಆಫ್, ಸ್ವಿಚ್ ಆಫ್, ಆಮೇಲೆ ಮಾಡುವುದು ಬಿಟ್ಟ.

ಅವನು ಬಿಟ್ಟ, ಜನ ಬಿಡಲಿಲ್ಲ, ಮನೆ ಬೇಕು ಅಂತ ಹುಡುಕಿದವರಿಗೆ ವೆಬ್‌ಸೈಟಿನಲ್ಲಿ ಮೊದಲು ಸಿಗುವುದೇ ಈ ಮನೆ, ಇದೇ ನಂಬರು, ಗುಟ್ಟಿನ ಪದ ಗೊತ್ತಿಲ್ಲದೆ ನಂಬರ್ ತಿದ್ದಲಾಗದು, ನಾನು ವೆಬ್‌ಸೈಟಿನವರಿಗೆ ಇಮೇಲ್ ಮೇಲೆ ಇಮೇಲ್ ಬರೆದೆ, ಕಲ್ಲಿಗೆ ಹೇಳಿದ ಹಾಗಾಯಿತು, ಕೇತನ್‌ಭಾಯ್ ಕೊನೆಗೂ ಮನಸ್ಸು ಗಟ್ಟಿ ಮಾಡಿ, ಮನೆ ಖಾಲಿ ಬಿದ್ದು ಹಾಳಾಗೋದು ಬೇಡ, ಒಳ್ಳೆಯವರಿಗೆ ಬಾಡಿಗೆಗೆ ಕೊಡಿ ಅಂತ ಬೀಗದಕೈ ಕಳಿಸಿದಾಗ ಹಸ್ಮುಖ್‌ಭಾಯ್ ತೊಡೆ ತಟ್ಟಿ ಹೇಳಿದರು, ನಂಬರ್ ನಮ್ಮ ಹತ್ತಿರ ಬರಲ್ಲ ಅಂದರೆ ನಾವೇ ನಂಬರ್ ಹತ್ತಿರ ಹೋಗೋಣ ಬೆನ್, ರೀಚಾರ್ಜ್ ಆಗದೆ ಸತ್ತುಹೋದ ನಂಬರು ಅದು, ಮೊಬೈಲ್ ಅಂಗಡಿಯವನು ನಮ್ಮವನೇ, ನನ್ನ ಹೆಸರಲ್ಲಿ ಎಬ್ಬಿಸಿಕೊಡ್ತಾನೆ — ಹಾಗೇ ಅಂದರು, ಸತ್ತುಹೋದ, ಎಬ್ಬಿಸಿಕೊಡ್ತಾನೆ, ಕೇತನ್‌ಭಾಯಿಗೆ ಒಂದು ಮಾತು ಹೇಳೋದು ಬೇಡವಾ ಅಂದೆ, ಯಾಕಮ್ಮಾ, ಆರಿದ ಗಾಯ ಕೆರೆಯೋದು, ಅವನು ಈ ನಂಬರಿಗೆ ಮಾಡೋದು ಬಿಟ್ಟು ಎಷ್ಟು ಕಾಲವಾಯ್ತು, ಅಂದರು. ಅವನು ಮಾಡುವುದು ಬಿಟ್ಟಿದ್ದ, ನಿಜ, ನಾನೇ ಮಾಡಿದೆ.

ಮೆಸೇಜು ಹೋಗಿ ಗುಂಡಪ್ಪನವರು ಇನ್ನೂ ಬಾಲ್ಕನಿಯಲ್ಲಿ ನಿಂತಿರುವಾಗಲೇ ಉತ್ತರ ಬಂತು, ಎಸ್ ಕೆ, ಬಾ ಹುಂ ಆವು ಛು ಈಡರ್, ಓದಿ ನಕ್ಕೆ, ನನ್ನ ತಮ್ಮ ಹಾಗೇ ಬರೆಯುವುದು, ಅರ್ಧ ಗುಜರಾತಿ ಅರ್ಧ ಹಿಂದಿ, ನನ್ನ ಮಗಳು ಅಪೂರ್ವಾಳ ಜೊತೆ ಸೇರಿ ಅವನ ಕನ್ನಡವೂ ಕೆಟ್ಟಿದೆ, ಹೂಂ ಅಂದಿದ್ದಾನೆ, ಬರ್ತಾ ಇದೀನಿ ಅಂದಿದ್ದಾನೆ, ಕೊನೆಯಲ್ಲಿ ಹಿಂದಿಯ ಇಧರ್, ಇಲ್ಲಿಗೆ ಅಂತ, ಇಂಗ್ಲಿಷ್ ಅಕ್ಷರದಲ್ಲಿ ಎಲ್ಲ ಒಂದೇ ಥರ, ಹಾಗಂತ ಓದಿಕೊಂಡು ನಾನು ಮತ್ತೆ ಒತ್ತಿದೆ, ಹೂಂ ಬೇಗ ಬಾ, ಒತ್ತಿ ಚೀಲಕ್ಕೆ ಹಾಕಿಕೊಂಡೆ, ಅವರಿಬ್ಬರನ್ನೂ ಆಟೋ ಹತ್ತಿಸಿದೆ, ಯೋಚನೆ ಮಾಡಿ ಹೇಳ್ತೀವಮ್ಮಾ ಅಂದರು ಪದ್ಮಾವತಿಯವರು, ಆ ಉಯ್ಯಾಲೆ ಇರಲಿ ಬಿಡಿ, ತೆಗೆಸಬೇಡಿ. ಆಮೇಲೆ ಒಂದು ಕಾಲ್ ಬಂತು, ಗಾಳಿಯ ಸದ್ದು, ಬಸ್ಸಿನ ಹಾರನ್ನು, ಅದರ ನಡುವೆ ಒಬ್ಬ ಗಂಡಸಿನ ಸ್ವರ ತುಂಡು ತುಂಡಾಗಿ, ಬಾ, ಬಾ, ಬಾ, ನಾನು ನಗುತ್ತ ಅಂದೆನಲ್ಲ, ನೀನೇ ಬಾರೋ, ನಾನೇನು ಬರೋದು, ಕಟ್ಟಾಯಿತು, ಅವನಿಗೆ ಕೇಳಿಸಿದ್ದೇನು, ಹೆಂಗಸಿನ ನಗುವೊಂದು ಕೇಳಿಸಿರಬೇಕು, ವರ್ಷದ ಮೇಲೆ ಕೇಳಿಸಿದ ನಗು, ತಾಯಿಯದಲ್ಲ ಅಂತ ಗೊತ್ತಾಗಬೇಡವೇ, ಗೊತ್ತಾಗುವುದಿಲ್ಲ, ಮನಸ್ಸು ಕೇಳಬೇಕಾದ್ದನ್ನು ಕಿವಿ ಕೇಳುತ್ತದೆ. ತಮ್ಮ ಬರಲಿ ಅಂತ ಈ ಮನೆಯಲ್ಲೇ ಕಾದಿದ್ದೆ, ಊಟದ ಹೊತ್ತಿಗೆ ಸ್ಕಂದ ಫ್ಯಾಕ್ಟರಿ ಫೋನಿನಿಂದ ಮಾಡಿದ, ಅಕ್ಕಾ, ಮನೆ ವಿಷಯ ಏನಾಯ್ತೇ — ನೀನು ಬಸ್ಸಲ್ಲಿ ಇದೀಯಲ್ಲೋ — ಯಾವ ಬಸ್ಸೇ, ಇನ್ನೂ ಶಿಫ್ಟ್ ಮುಗಿದಿಲ್ಲ — ಬೆಳಗ್ಗೆ ಮೆಸೇಜ್ ಮಾಡಿದೆಯಲ್ಲ, ಬರ್ತೀನಿ ಅಂತ — ನಾನ್ಯಾವಾಗ ಮಾಡಿದೆ, ನನ್ನ ಫೋನು ರಿಪೇರಿಗೆ ಕೊಟ್ಟು ಎರಡು ದಿನ ಆಯ್ತು, ಯಾರಿಗೆ ಕಳಿಸಿದೀಯೋ ನೋಡು ಮಾರಾಯ್ತಿ. ನೋಡಿದೆ, ಹೆಸರಿನ ಹಿಂದಿನ ನಂಬರು ತೆರೆದು ನೋಡಿದೆ, ಉಯ್ಯಾಲೆಯ ಮೇಲೆ ಕೂತೆ, ನರೋಡಾದಲ್ಲಿ ಯಾರಿಗೋ ಶೆಡ್ಡು ತೋರಿಸುತ್ತಿದ್ದ ಹಸ್ಮುಖ್‌ಭಾಯಿಗೆ ಮಾಡಿ ನಾನು ಕಳಿಸಿದ ಮೆಸೇಜನ್ನು ಅಕ್ಷರ ಅಕ್ಷರ ಓದಿದೆ, ಅವರ ಸ್ವರವೇ ಬೇರೆಯಾಯಿತು, ಬೆನ್, ಇದನ್ನು ಕನ್ನಡದಲ್ಲಿ ಓದಬೇಡ, ಗುಜರಾತಿಯಲ್ಲಿ ಓದು, ಬಾ ಅಂದರೆ ಅಮ್ಮ, ಮನೆ ಅಂದರೆ ನನ್ನನ್ನು, ನೋಡೋಕೆ ಏನೋ ಗೊತ್ತಾಗಲ್ಲ, ಜಣಾ ಅಂದರೆ ಜನ, ಈಡರೆ ಅಂದರೆ ಈಡರ್ ಊರಿನಲ್ಲಿ, ಸವಿತಾಬಾ ಕಡೆಯ ಸಲ ಕಂಡದ್ದೇ ಈಡರ್ ಹತ್ತಿರ, ಅಂಬಾಜಿಯ ದಾರಿ — ನಾನು ಇದಾರೆ ಅಂತ ಬರೆದದ್ದು ಭಾಯ್, ಇದಾರೆ, ಇದ್ದಾರೆ ಅಂತ — ಇಂಗ್ಲಿಷ್ ಅಕ್ಷರಕ್ಕೆ ದಕಾರ ಡಕಾರ ಗೊತ್ತೇನಮ್ಮಾ — ಎರಡನೆಯದು, ಹೂಂ ಬೇಗ ಬಾ, ಅದು ಏನಾಗುತ್ತೆ — ಹುಂ ಅಂದರೆ ನಾನು, ಅಂದರು, ಆಮೇಲೆ ಇನ್ನೂ ಮೆಲ್ಲಗೆ, ಹುಂ ಬಾ, ನಾನು ಬಾ, ಎಂಥ ಕೆಲಸ ಆಯ್ತಮ್ಮಾ ಇದು.

ಅವನಿಗೆ ಹೇಗೆ ಕಂಡಿರಬಹುದು, ಪಚ್ಚೆಯ ಬೆಳಕಿನಲ್ಲಿ ಬಾ ಅನ್ನುವ ಹೆಸರು ಮೇಲೆದ್ದು ಬಂದಿರಬೇಕು, ಕೆಳಗೆ ತೊದಲು ತೊದಲು ಮಾತು, ಅಮ್ಮ, ನನ್ನನ್ನು, ಜನ, ಈಡರಿನಲ್ಲಿ, ಬರೆಯಲು ಬಾರದ ಯಾರೋ ಬರೆದುಕೊಟ್ಟಿದ್ದಾರೆ ಅಂದುಕೊಂಡಿರುತ್ತಾನೆ, ಯಾರೋ ಪುಣ್ಯಾತ್ಮರು ಇಟ್ಟುಕೊಂಡಿದ್ದಾರೆ, ಉಜ್ಜುತ್ತಿದ್ದ ವಜ್ರವನ್ನು ಹಾಗೇ ಬಿಟ್ಟು ಎದ್ದಿರುತ್ತಾನೆ — ಎತ್ತಬೇಡ ಬೆನ್, ಸಂಜೆ ನಾನೇ ಸಮಾಧಾನವಾಗಿ ಹೇಳ್ತೀನಿ, ಅಂದರು ಹಸ್ಮುಖ್‌ಭಾಯ್ — ಸಂಜೆ ಅಂದರೆ ಅವನು ಈಡರಿನಲ್ಲಿ ಇರ್ತಾನಲ್ಲ ಭಾಯ್ — ಈಡರಿನಲ್ಲಿ ಎಲ್ಲಿ ಹುಡುಕ್ತೀಯಾ ಅವನನ್ನ, ಊರ ಸುತ್ತ ಬಂಡೆ, ಆನೆಯಂಥ ಬಂಡೆ, ಮನೆಯಂಥ ಬಂಡೆ, ಸಿಗ್ನಲ್ ಹಿಡಿಯೋಕೆ ಜನ ಬಂಡೆ ಹತ್ತಿ ಕೈ ಎತ್ತಿ ನಿಂತಿರ್ತಾರೆ, ಅಂದರು, ಅಂದದ್ದೇ ನನ್ನ ಕಣ್ಣಿಗೆ ಕಟ್ಟಿತು, ಬಂಡೆಯ ಮೇಲೆ ಒಬ್ಬ, ಮುಖವಿಲ್ಲ, ನಾನು ಅವನ ಮುಖ ನೋಡಿಲ್ಲವಲ್ಲ, ಬರೀ ಎತ್ತಿದ ಕೈ, ಕೈಯಲ್ಲಿ ಪುಟ್ಟ ಹಸಿರು ಬೆಳಕು. ಮೆಸೇಜ್ ಕಳಿಸಿಬಿಡು, ತಪ್ಪಾಗಿ ಬಂದದ್ದು ಅಂತ, ಅಂದರು, ಕಳಿಸಲು ಕೂತೆ, ಗುಂಡಿ ಒತ್ತುವಾಗ ಹೊಳೆಯಿತು, ಇಲ್ಲಿಂದ ಏನು ಕಳಿಸಿದರೂ ಅಲ್ಲಿ ಅದು ಬಾ ಹೆಸರಲ್ಲೇ ಹೋಗಿ ಇಳಿಯುತ್ತದೆ, ಮಗನೇ ನಾನಿಲ್ಲ ಅಂತ ತಾಯಿಯೇ ಬರೆದ ಹಾಗೆ, ಬೆರಳು ಮೇಲೇಳಲಿಲ್ಲ. ಮೂರು ಮಹಡಿ ಇಳಿದು ಮೂಲೆಯ ಎಸ್‌ಟಿಡಿ ಬೂತಿಗೆ ಓಡಿದೆ, ಬೇರೆ ನಂಬರಿಂದ ಬೇರೆ ಹೆಂಗಸಾಗಿ ಹೇಳಿಬಿಡೋಣ, ನಾನು ದಲಾಲರ ಆಫೀಸಿನ ನೀಲಾ ಅಂತ, ಮಾಡಿದರೆ ಎಂಗೇಜು, ಮತ್ತೆ ಮಾಡಿದರೆ ಎಂಗೇಜು, ಬೂತಿನವನು, ಯಾರ ಜೊತೆಗೋ ಮಾತಾಡ್ತಿದಾರೆ ಮಾಸಿ, ತಡೆದು ಮಾಡಿ, ಅಂದ, ಯಾರ ಜೊತೆ ಮಾತಾಡುತ್ತಿದ್ದಾನೆ ಅವನು, ಯಾರ ಜೊತೆಗೂ ಇಲ್ಲ, ಚೀಲದಲ್ಲಿ ಈ ಫೋನು ನಡುಗುತ್ತಿತ್ತು, ನಾನು ಅವನಿಗೆ ಮಾಡುವಷ್ಟು ಹೊತ್ತೂ ಅವನು ನನಗೆ ಮಾಡುತ್ತಿದ್ದ, ನನಗಲ್ಲ, ಬಾಗೆ.

ಹತ್ತಿ ಬಂದೆ, ಬಾಗಿಲು ಹಾಕಿಕೊಂಡೆ, ಬಿಸಿಲು ಉಯ್ಯಾಲೆಯ ಸರಪಳಿಯವರೆಗೆ ಬಂದು ಹೊರಳಿತು, ಅಹಮದಾಬಾದು ದಾಟಿರುತ್ತಾನೆ, ಹಿಮ್ಮತ್‌ನಗರ ದಾಟಿರುತ್ತಾನೆ, ನನ್ನ ಬೀದಿಯ ಪಕ್ಕದ ರಸ್ತೆಯಲ್ಲೇ ಅವನ ಬಸ್ಸು ಹೋಗಿರಬೇಕು, ನಾನು ಇಲ್ಲಿ ಗೋಡೆ ಹಿಡಿದು ನಿಂತಿದ್ದೆ, ಯಾಕೆ ಎತ್ತಲಿಲ್ಲ, ಹೆದರಿಕೆ ಅಂತ ಹೇಳಿಕೊಂಡರೆ ಅದು ಪೂರ್ತಿ ನಿಜವಲ್ಲ, ಎತ್ತುವವರೆಗೆ ಒಬ್ಬನಿಗೆ ತಾಯಿ ಇದ್ದಾಳೆ, ಎತ್ತಿದ ಮೇಲೆ ಇಲ್ಲ, ಅಷ್ಟನ್ನು ನನ್ನ ಬೆರಳಿನ ತುದಿಯಿಂದ ಮಾಡಬೇಕಲ್ಲ ತಾಯೇ, ಇನ್ನೊಂದೂ ಇದೆ, ನಾಚಿಕೆಯ ಮಾತು, ಆ ಬಸ್ಸಿನ ಗಾಳಿಯಲ್ಲಿ ಬಾ ಬಾ ಅಂತ ಕೇಳಿದಾಗ ನನಗೂ ಯಾರೋ ಕರೆದ ಹಾಗಾಗಿತ್ತು, ಹೋಗೋಣ ಅನ್ನಿಸಿತ್ತು, ಇಲ್ಲ, ಹೊತ್ತು ಹೋಗುತ್ತಿದೆ, ಕತ್ತಲಾದರೆ ಅವನು ಮನೆಮನೆಯ ಬಾಗಿಲು ತಟ್ಟುತ್ತಾನೆ, ನನ್ನ ಬಾ ಇದ್ದಾಳಾ ಅಂತ ಕೇಳುತ್ತಾನೆ, ಫೋನು ತೋರಿಸುತ್ತಾನೆ, ನೋಡಿ ಇಲ್ಲಿ, ಅವಳೇ ಬರೆದಿದ್ದಾಳೆ — ನಡುಗಿತು. ಎಸ್ ಕೆ. ಎತ್ತಿದೆ. ಎತ್ತಿಬಿಟ್ಟೆ, ಗಾಳಿ, ಬರೀ ಗಾಳಿ, ಬಸ್ಸಿನ ಸದ್ದಿಲ್ಲ, ಇಳಿದಿದ್ದಾನೆ, ಉಸಿರು ಕೇಳುತ್ತಿದೆ, ಹತ್ತಿ ಬಂದವನ ಉಸಿರು, ಬಾ, ಅಂದ, ಹೆದರಿಸಬಾರದು ಅನ್ನುವಷ್ಟು ಮೆಲ್ಲಗೆ, ಬಾ, ಎಲ್ಲಿದೀಯಾ, ನಾನು ಬಂದಿದೀನಿ, ಎಲ್ಲರೂ ಬೇಡ ಅಂದರು, ನಾನು ಬಂದೆ, ಮಾತಾಡು ಬಾ — ಇಷ್ಟು ಹೊತ್ತೂ ಜೋಡಿಸಿಕೊಂಡಿದ್ದ ನನ್ನ ಹಿಂದಿ ಎಲ್ಲ ಮರೆತುಹೋಯಿತು, ಅವನ ಭಾಷೆಯಲ್ಲೇ ಹೇಳಬೇಕು, ಗೊಂದಲವಾಗಬಾರದು, ಮೂರೇ ಪದ, ಮಗಳು ಹೇಳಿಕೊಟ್ಟ ಗುಜರಾತಿ, ನಾನು ಬಾ ಅಲ್ಲ, ಹುಂ ಬಾ ನಥಿ, ಗಟ್ಟಿಯಾಗಿ, ಒಡೆದು, ಒಂದೊಂದೇ ಪದ, ಹುಂ ಅಂದೆ, ಬಾ ಅಂದೆ — ಟುಕ್ ಅಂತು, ಗಾಳಿ ನಿಂತಿತು, ನಥಿ ಅನ್ನುವುದು ನನ್ನ ಬಾಯಲ್ಲೇ ಇತ್ತು, ಖಾಲಿ ಮನೆಗೆ ಹೇಳಿದೆ, ನಥಿ, ಗೋಡೆಗೆ ಹೇಳಿದೆ, ನಥಿ, ಇಲ್ಲ ಅನ್ನುವುದನ್ನು ಕೊನೆಗೆ ಇಡುತ್ತವಲ್ಲ ನಮ್ಮ ಭಾಷೆಗಳು, ಅವರದೂ ನಮ್ಮದೂ, ನನ್ನ ಅಪ್ಪ ಕಾವ್ಯ ಓದುವಾಗ ಸಾಲಿನ ಕಡೆಯ ಪದಕ್ಕೆ ಮೊದಲು ಉಸಿರು ತಡೆದು ನಿಲ್ಲಿಸುತ್ತಿದ್ದ, ಕೇಳುವವರೆಲ್ಲ ಅದಕ್ಕಾಗಿ ಕಾಯುತ್ತಿದ್ದರು, ಅವನಿಗೆ ಕಾಯಬೇಕು ಅಂತಲೂ ಗೊತ್ತಿಲ್ಲ, ಅವನಿಗೆ ಸಾಲು ಮುಗಿದಿದೆ, ಹುಂ ಬಾ, ನಾನು ಬಾ — ಮಾಡಿದೆ, ಕವರೇಜ್ ಕ್ಷೇತ್ರದ ಹೊರಗಿದ್ದಾರೆ ಅಂತ ಒಬ್ಬಳು ಸವಿಯಾಗಿ ಹೇಳಿದಳು, ಮತ್ತೆ ಮಾಡಿದೆ, ಅದೇ ಸವಿ, ನಥಿ ಅಂತ ಒಂದೇ ಪದ ಒತ್ತಿ ಕಳಿಸಿದೆ, ಹೋಗಲಿಲ್ಲ, ಹೋಗದೆ ಗಾಜಿನ ಮೇಲೆ ನಿಂತಿದೆ, ಹೊರಗೆ ಕಪ್ಪಾಗುತ್ತಿದೆ, ಅಲ್ಲಿಯೂ ಕಪ್ಪಾಗುತ್ತಿರುತ್ತದೆ, ಬಂಡೆಗಳೆಲ್ಲ ಒಂದೇ ಬಣ್ಣಕ್ಕೆ ಬರುವ ಹೊತ್ತು, ಅವುಗಳ ನೆತ್ತಿಯ ಮೇಲೆ ಒಬ್ಬ, ಈಗಲೂ ಮುಖವಿಲ್ಲ, ಈ ಕಡೆ ತಿರುಗುತ್ತಾನೆ, ಆ ಕಡೆ ತಿರುಗುತ್ತಾನೆ, ತುದಿಗಾಲಲ್ಲಿ ನಿಲ್ಲುತ್ತಾನೆ, ಕೈ ಮೇಲೆ, ಇನ್ನೂ ಮೇಲೆ, ಎತ್ತಿದ ಕೈಯಲ್ಲಿ ಪುಟ್ಟ ಹಸಿರು ಬೆಳಕು, ಎತ್ತಿದ ಕೈ, ಹಸಿರು ಬೆಳಕು, ಎತ್ತಿದ ಕೈ